‘ನಾಟಕ ಮಾಡಬೇಡ’ ಎಂಬ ಮಾತನ್ನು ಕುರಿತು

ಕನ್ನಡ ನಾಡಿನ ಮನೆಗಳಲ್ಲಿ ‘ನಾಟಕ ಮಾಡಬೇಡ’ ಎಂಬ ಬೈಗುಳವನ್ನು ಕೇಳದೆ ಬೆಳೆದ ಮಗು ಇರಲಾರದು. ಹೊಟ್ಟೆನೋವೆಂದರೂ ನಾಟಕ, ಹಸಿವಿಲ್ಲವೆಂದರೂ ನಾಟಕ, ಕಣ್ಣಲ್ಲಿ ನೀರು ಬಂದರಂತೂ ಅದು ಐದಂಕದ ಮಹಾನಾಟಕ. ‘ರಾಗ ಎಳೆಯಬೇಡ’, ‘ಕತೆ ಕಟ್ಟಬೇಡ’, ‘ಪುರಾಣ ಬಿಚ್ಚಬೇಡ’ ಎಂಬ ಮಾತುಗಳೂ ನಮ್ಮಲ್ಲಿ ಧಾರಾಳವಾಗಿ ಬಳಕೆಯಲ್ಲಿವೆ. ಹೀಗೆ ಒಂದೊಂದು ಕಲೆಯನ್ನೂ ಒಂದೊಂದು ಬೈಗುಳವನ್ನಾಗಿ ಮಾಡಿಕೊಂಡ ಜಾಣ್ಮೆ ನಮ್ಮ ಹಿರಿಯರದು. ಅವುಗಳಲ್ಲೆಲ್ಲ ಅತ್ಯಂತ ಅನ್ಯಾಯಕ್ಕೊಳಗಾದ ಪದವೆಂದರೆ ‘ನಾಟಕ’. ಅದಕ್ಕೆ ಸುಳ್ಳು, ಸೋಗು, ಸೋಮಾರಿತನ ಎಂಬ ಮೂರು ಅರ್ಥಗಳು ಒಟ್ಟಿಗೆ ಅಂಟಿಕೊಂಡಿವೆ. ಹತ್ತನೆಯ ತರಗತಿಯಲ್ಲಿ ಓದುತ್ತಿರುವ, ನಾಟಕವೆಂದರೆ ಊಟ ನಿದ್ರೆಗಳನ್ನು ಮರೆಯುವ ವಿದ್ಯಾರ್ಥಿನಿಯಾದ ನಾನು ಆ ಪದದ ಪರವಾಗಿ ನಾಲ್ಕು ಮಾತುಗಳನ್ನು ವಾಚಕರಲ್ಲಿ ಬಿನ್ನವಿಸಿಕೊಳ್ಳಬೇಕೆಂದಿದ್ದೇನೆ.

ಮೊದಲಿಗೆ ಮನೆಯ ವಿಚಾರ. ನಾಟಕವೆಂದರೆ ಸೋಗು ಎಂಬುದು ನಿಜವಾಗಿದ್ದರೆ, ನಮ್ಮ ಮನೆಯಲ್ಲಿ ನಟನೆ ಬಾರದವಳು ನಾನೊಬ್ಬಳೇ. ನಮ್ಮ ಅಪ್ಪ ಪಡಸಾಲೆಯ ಕುರ್ಚಿಯಲ್ಲಿ ಕುಳಿತು, ಒಂದು ಕೈಯಲ್ಲಿ ಚಹದ ಬಟ್ಟಲು ಹಿಡಿದು, ಫೋನಿನಲ್ಲಿ “ನಾ ಹುಬ್ಬಳ್ಯಾಗ ಅದೀನ್ರೀ, ನಾಳೆ ಮುಂಜಾನೆ ನಿಮ್ಮ ಮನಿಗೇ ಬರ್ತೀನಿ” ಎಂದು ಸಾಲ ಕೊಟ್ಟವರಿಗೆ ಹೇಳುವಾಗ ಅವರ ಧ್ವನಿಯಲ್ಲಿ ಪ್ರಯಾಣದ ಆಯಾಸ ಎಷ್ಟು ಸಹಜವಾಗಿ ಮೂಡುತ್ತದೆಂದರೆ, ಎದುರಿಗೆ ಕುಳಿತ ನನಗೇ ಅವರು ಹುಬ್ಬಳ್ಳಿಯಲ್ಲಿರಬಹುದೇ ಎಂಬ ಸಂಶಯ ಹುಟ್ಟುತ್ತದೆ. ನಮ್ಮ ಅಜ್ಜಿಯ ಮೊಣಕಾಲು ನೋವು ಮಹಡಿಯ ಮೇಲೆ ಒಣಹಾಕಿದ ಹಪ್ಪಳವನ್ನು ತೆಗೆಯಬೇಕಾದಾಗ ಉಲ್ಬಣಿಸಿ, ಮದುವೆಯ ಆಮಂತ್ರಣ ಬಂದ ಕೂಡಲೇ ಮಾಯವಾಗುತ್ತದೆ. ತಮ್ಮನ ಹೊಟ್ಟೆನೋವು ಸೋಮವಾರವನ್ನು ಬಿಟ್ಟು ಬೇರೆ ವಾರದಂದು ಬಂದ ದಾಖಲೆಯಿಲ್ಲ.

ಇನ್ನು ಅವ್ವನದು ಇವರೆಲ್ಲರನ್ನೂ ಮೀರಿಸುವ ಅಭಿನಯ. ಸಂತೆಯಲ್ಲಿ ಬದನೆಕಾಯಿಯ ದರ ಕೇಳಿ, ಬೆಚ್ಚಿಬಿದ್ದಂತೆ ಮಾಡಿ, ಕೈಚೀಲವನ್ನು ಹೆಗಲಿಗೇರಿಸಿ ನಾಲ್ಕು ಹೆಜ್ಜೆ ಹೊರಟುಬಿಡುವುದು ಅವಳ ಪದ್ಧತಿ. ಐದನೆಯ ಹೆಜ್ಜೆಗೆ ಸರಿಯಾಗಿ ಹಿಂದಿನಿಂದ “ಬರ್ರಿ ಅಕ್ಕಾರ, ತಗೊಂಡು ಹೋಗ್ರಿ” ಎಂಬ ಕೂಗು ಕೇಳಿಬರುತ್ತದೆ. ರಂಗದಿಂದ ನಿರ್ಗಮಿಸುವುದನ್ನು ಯಾವ ಗುರುವೂ ನನಗೆ ಇಷ್ಟು ಚೆನ್ನಾಗಿ ಕಲಿಸಿಲ್ಲ. ಬೀಗರು ಬಂದಾಗ ಅವಳು ಅಡುಗೆಮನೆಯಲ್ಲಿ ನಮ್ಮನ್ನು ಕಣ್ಣಿನಲ್ಲೇ ಗದರಿಸಿ, ಹೊಸ್ತಿಲು ದಾಟುವಷ್ಟರಲ್ಲಿ ನಗೆಮೊಗವನ್ನು ಧರಿಸಿ ಪಡಸಾಲೆಗೆ ಪ್ರವೇಶಿಸುವ ವೇಗವನ್ನು ಕಂಡರೆ ವೃತ್ತಿನಟರೂ ತಲೆದೂಗಬೇಕು. ಇಂಥ ಪ್ರತಿಭಾವಂತರ ನಡುವೆ, ‘ಇಂದು ಸಂಜೆ ನಾಟಕದ ತಾಲೀಮಿದೆ, ಅಲ್ಲಿ ನಾನು ನಟಿಸುವವಳಿದ್ದೇನೆ’ ಎಂದು ಮುಂಚಿತವಾಗಿ ಪ್ರಾಮಾಣಿಕವಾಗಿ ತಿಳಿಸುವವಳು ನಾನೊಬ್ಬಳೇ. ಬೈಗುಳವೂ ನನಗೊಬ್ಬಳಿಗೇ!

ಇದು ತಮಾಷೆಯ ಮಾತಾಯಿತು. ಪ್ರಕೃತ ವಿಷಯಕ್ಕೆ ಬರೋಣ. ಸೋಗಿಗೂ ನಾಟಕಕ್ಕೂ ಇರುವ ಭೇದವೇನು? ಸೋಗು ಹಾಕುವವನು ಎದುರಿನವನಿಗೆ ಅದು ತಿಳಿಯಬಾರದೆಂದು ಬಯಸುತ್ತಾನೆ. ನಾಟಕದಲ್ಲಾದರೋ ಪರದೆಯ ಮುಂದೆ ಕುಳಿತವರಿಗೂ ಪರದೆಯ ಹಿಂದೆ ನಿಂತವರಿಗೂ ಇದು ವೇಷವೆಂಬುದು ಗೊತ್ತು. ಹರಿಶ್ಚಂದ್ರನ ಕಿರೀಟ ರಟ್ಟಿನದೆಂದು ಬಲ್ಲ ಪ್ರೇಕ್ಷಕರೇ ಅವನ ಸತ್ಯಕ್ಕಾಗಿ ಕಣ್ಣೀರು ಸುರಿಸುತ್ತಾರೆ. ಎರಡೂ ಕಡೆಯವರು ತಿಳಿದು ಒಪ್ಪಿಕೊಂಡ ಇಂಥ ವ್ಯವಹಾರದಲ್ಲಿ ಮೋಸವೆಲ್ಲಿಂದ ಬಂದೀತು? ಆದ್ದರಿಂದ ನಾಟಕವು ಸುಳ್ಳಿನ ಸೋದರನಲ್ಲ. ಅದು ಸತ್ಯವನ್ನು ವೇಷದ ಮೂಲಕ ಹೇಳುವ ಒಂದು ಶಿಸ್ತು. ಸೋಮಾರಿತನದ ಆರೋಪವಂತೂ ತಾಲೀಮನ್ನು ಒಮ್ಮೆಯೂ ನೋಡದವರು ಮಾತ್ರ ಮಾಡುವಂಥದು. ಸಮಯಕ್ಕೆ ಸರಿಯಾಗಿ ಬರಬೇಕು, ತನ್ನ ಮಾತನ್ನಷ್ಟೇ ಅಲ್ಲದೆ ಎದುರು ಪಾತ್ರದ ಮಾತನ್ನೂ ನೆನಪಿಡಬೇಕು, ತನ್ನ ಸರದಿ ಬರುವವರೆಗೆ ಕತ್ತಲಲ್ಲಿ ಉಸಿರು ಬಿಗಿಹಿಡಿದು ನಿಲ್ಲಬೇಕು. ನಮ್ಮ ತರಗತಿಯಲ್ಲಿ ಎರಡು ನಿಮಿಷ ಸುಮ್ಮನಿರಲಾರದ ಹುಡುಗರು ಪರದೆಯ ಸಂದಿನಲ್ಲಿ ಅರ್ಧ ಗಂಟೆ ಮೌನವಾಗಿ ನಿಂತದ್ದನ್ನು ನಾನು ಕಣ್ಣಾರೆ ಕಂಡಿದ್ದೇನೆ.

ಈಗ ಇನ್ನೊಂದು ಸೂಕ್ಷ್ಮವಾದ ಮಾತು. ತನ್ನನ್ನು ತಾನು ಪ್ರೀತಿಸುವುದು ತಪ್ಪೆಂದು ನಮಗೆ ಚಿಕ್ಕಂದಿನಿಂದ ಹೇಳಿಕೊಡಲಾಗಿದೆ. ಕನ್ನಡಿಯ ಮುಂದೆ ಸ್ವಲ್ಪ ಹೊತ್ತು ನಿಂತರೆ ‘ಸೊಕ್ಕು’ ಎಂಬ ಪದ ಒಳಮನೆಯಿಂದ ತೂರಿ ಬರುತ್ತದೆ. ಆದರೆ ಹದಿನೈದು ವರ್ಷದವರು ಕನ್ನಡಿಯ ಮುಂದೆ ನಿಲ್ಲುವುದು ಬಹುಮಟ್ಟಿಗೆ ಸೊಕ್ಕಿನಿಂದಲ್ಲ, ಭಯದಿಂದ. ಮೂಗು ದಪ್ಪವಾಯಿತೆ, ಬಣ್ಣ ಕಪ್ಪಾಯಿತೆ, ಹಲ್ಲು ಮುಂದೆ ಬಂದವೆ ಎಂಬ ಪ್ರಶ್ನೆಗಳನ್ನು ನಾವು ಕನ್ನಡಿಗೆ ಕೇಳುವುದು ಏತಕ್ಕೆಂದರೆ, ಅವುಗಳನ್ನು ಬಂಧುಗಳು ಮೊದಲೇ ನಮಗೆ ಕೇಳಿರುತ್ತಾರೆ. ನನ್ನ ವಿಷಯದಲ್ಲಿ ಎಲ್ಲರ ಕಣ್ಣಿಗೆ, ಅಲ್ಲ, ಕಿವಿಗೆ ಬಿದ್ದ ದೋಷ ನನ್ನ ಧ್ವನಿ. “ಹುಡುಗಿ ಚಲೋ ಅದಾಳ, ಆದ್ರ ದನಿ ಒಂದು ಗಂಡಸರ ದನಿ ಆಗೇತಿ” ಎಂಬ ವಿಮರ್ಶೆ ನಮ್ಮ ಬಳಗದಲ್ಲಿ ಸರ್ವಾನುಮತದಿಂದ ಅಂಗೀಕೃತವಾಗಿತ್ತು. ಅದರ ಫಲವಾಗಿ ಎಷ್ಟೋ ದಿನ ನಾನು ತರಗತಿಯಲ್ಲಿ ಉತ್ತರ ಗೊತ್ತಿದ್ದರೂ ಕೈಯೆತ್ತುತ್ತಿರಲಿಲ್ಲ.

ಕಳೆದ ವರ್ಷದ ಸ್ನೇಹಸಮ್ಮೇಳನದ ನಾಟಕದಲ್ಲಿ ನನಗೆ ಊರಗೌಡನ ಪಾತ್ರ ದೊರೆಯಿತು. ಅದು ದೊರೆತದ್ದು ಈ ಧ್ವನಿಯ ದೆಸೆಯಿಂದಲೇ. ಧೋತರ, ರುಮಾಲು, ಅಂಟು ಹಚ್ಚಿದ ಮೀಸೆ. ಆ ಮೀಸೆಯ ತುರಿಕೆಯನ್ನು ತಡೆದುಕೊಂಡವರು ಮುಂದೆ ಬಾಳಿನ ಯಾವ ಕಷ್ಟವನ್ನಾದರೂ ತಡೆದುಕೊಳ್ಳಬಲ್ಲರು. ನಾನು ರಂಗದ ಮೇಲೆ ಬಂದು ಮೊದಲ ಮಾತನ್ನು ಗುಡುಗಿದಾಗ, ಮೂರನೆಯ ಸಾಲಿನಲ್ಲಿ ಕುಳಿತಿದ್ದ ನಮ್ಮ ಅಜ್ಜಿ ತಮಗೆ ಅರಿವಿಲ್ಲದೆಯೇ ತಲೆಯ ಮೇಲೆ ಸೆರಗನ್ನು ಎಳೆದುಕೊಂಡರಂತೆ. “ನಮ್ಮ ಮಾವನವರ ಬಂದು ನಿಂತಂಗಾತು” ಎಂಬುದು ಅವರ ವಿವರಣೆ. ಅಂದಿನಿಂದ ನನ್ನ ಧ್ವನಿಯನ್ನು ಕುರಿತ ವಿಮರ್ಶೆ ನಮ್ಮ ಮನೆಯಲ್ಲಿ ನಿಂತಿದೆ. ನಾನೂ ತರಗತಿಯಲ್ಲಿ ಕೈಯೆತ್ತುತ್ತಿದ್ದೇನೆ. ದೋಷವೆಂದು ಕರೆಯಲ್ಪಟ್ಟದ್ದು ಒಂದು ಪಾತ್ರಕ್ಕೆ ಬೇಕಾದ ಗುಣವಾಗಿರಬಹುದೆಂಬ ತಿಳಿವನ್ನು ನನಗೆ ಯಾವ ಪಠ್ಯಪುಸ್ತಕವೂ ಕೊಟ್ಟಿರಲಿಲ್ಲ.

ಇದು ನನ್ನೊಬ್ಬಳ ಅನುಭವವಷ್ಟೇ ಅಲ್ಲ. ನಮ್ಮ ರಂಗಭೂಮಿಯ ಇತಿಹಾಸವೂ ಇದನ್ನೇ ಸಾರುತ್ತದೆ. ಸವದತ್ತಿ ಸೀಮೆಯ ಏಣಗಿ ಬಾಳಪ್ಪನವರು (1914–2017) ಹರೆಯದಲ್ಲಿ ಸ್ತ್ರೀಪಾತ್ರಗಳಿಂದ ಹೆಸರಾದವರು. ಅವರೇ ಮುಂದೆ ‘ಜಗಜ್ಯೋತಿ ಬಸವೇಶ್ವರ’ ನಾಟಕದಲ್ಲಿ ಬಸವಣ್ಣನವರಾಗಿ ನಿಂತಾಗ ಜನರು ಕೈಮುಗಿದರು. ಮೈಸೂರಿನ ಆರ್. ನಾಗರತ್ನಮ್ಮನವರು 1958ರಲ್ಲಿ ಹೆಣ್ಣುಮಕ್ಕಳಿಂದಲೇ ಕೂಡಿದ ಸ್ತ್ರೀ ನಾಟಕ ಮಂಡಳಿಯನ್ನು ಕಟ್ಟಿ, ತಾವೇ ಕಂಸ, ರಾವಣ, ದುರ್ಯೋಧನರಾಗಿ ಗರ್ಜಿಸಿದರು; 2012ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ಸಂದಿತು. ಗಂಡಸು ಹೆಣ್ಣಾಗಿ, ಹೆಣ್ಣು ಗಂಡಸಾಗಿ ನಿಂತಾಗ ಅವರ ಗೌರವ ಕುಂದಲಿಲ್ಲ, ಹೆಚ್ಚಿತು. ತನ್ನ ದೇಹದ ಮಿತಿಯನ್ನು ತಾನು ಒಪ್ಪಿಕೊಂಡವನು ಮಾತ್ರ ಅದನ್ನು ದಾಟಬಲ್ಲನೆಂಬುದಕ್ಕೆ ಇವರಿಗಿಂತ ಬೇರೆ ನಿದರ್ಶನ ಬೇಕಿಲ್ಲ.

ಹೀಗೆಂದ ಮಾತ್ರಕ್ಕೆ ನಾಟಕವು ಅಹಂಕಾರವನ್ನು ಬೆಳೆಸುತ್ತದೆಂದು ಯಾರೂ ಭಾವಿಸಬಾರದು. ಅಹಂಕಾರವನ್ನು ಇಳಿಸುವ ವ್ಯವಸ್ಥೆಯೂ ಅದರಲ್ಲಿಯೇ ಇದೆ. ಗೌಡನಾಗುವುದಕ್ಕೆ ಹಿಂದಿನ ವರ್ಷ ನಾನು ಕೈಯಲ್ಲಿ ಕಟ್ಟಿಗೆಯ ಭಲ್ಲೆ ಹಿಡಿದ ಕಾವಲುಗಾರನಾಗಿದ್ದೆ. ‘ಅಪ್ಪಣೆ, ಮಹಾಪ್ರಭು’ ಎಂಬ ಎರಡೇ ಪದಗಳಿಗಾಗಿ ಒಂದು ತಿಂಗಳು ತಾಲೀಮಿಗೆ ಹೋದೆ. ಕಾವಲುಗಾರನು ನಿದ್ದೆಗೆ ಬಿದ್ದರೆ ಮಹಾಪ್ರಭುವಿನ ಸಿಂಹಾಸನಕ್ಕೂ ಬೆಲೆಯಿಲ್ಲವೆಂಬುದು ಆಗ ಅರ್ಥವಾಯಿತು. ಇಂದಿನ ನಮ್ಮ ಓರಗೆಯವರು ಫೋನನ್ನು ಮುಖದ ಮುಂದೆ ಹಿಡಿದು ದಿನಕ್ಕೆ ಹತ್ತಾರು ಚಿತ್ರ ತೆಗೆದುಕೊಳ್ಳುತ್ತಾರೆ. ಅದನ್ನು ನಾನು ಹಳಿಯುವುದಿಲ್ಲ. ತಾನು ಹೇಗಿದ್ದೇನೆಂದು ತಿಳಿಯುವ ಹಂಬಲ ಎಲ್ಲರಿಗೂ ಉಂಟು. ಆದರೆ ಆ ಚಿತ್ರದಲ್ಲಿ ತಾನೊಬ್ಬನೇ ಇರುತ್ತಾನೆ, ಸರಿಹೋಗದ್ದನ್ನು ಅಳಿಸಿಬಿಡುತ್ತಾನೆ. ರಂಗದ ಮೇಲೆ ಅಳಿಸಲು ಬರುವುದಿಲ್ಲ. ಎದುರಿನವರ ಮಾತನ್ನು ಕೇಳಿಸಿಕೊಳ್ಳದೆ ತನ್ನ ಮಾತನ್ನು ಆಡಲೂ ಬರುವುದಿಲ್ಲ. ಅಹಂಕಾರಕ್ಕೆ ತಾನೊಬ್ಬನಿದ್ದರೆ ಸಾಕು. ಆತ್ಮಪ್ರೀತಿಗೆ ಎದುರಿನವರೂ ಬೇಕು.

ಇನ್ನು ಈ ಲೇಖನದ ಮುಖ್ಯ ವಿಷಯ. ಹತ್ತನೆಯ ತರಗತಿಯವರು ನಾಟಕದಲ್ಲಿ ಭಾಗವಹಿಸಕೂಡದು ಎಂಬ ಕಟ್ಟಳೆ ಅನೇಕ ಶಾಲೆಗಳಲ್ಲಿದೆ. ಶಾಲೆಯಲ್ಲಿಲ್ಲದಿದ್ದರೆ ಮನೆಯಲ್ಲಿ ಇದ್ದೇ ಇರುತ್ತದೆ. ಕಾರಣ, ಪರೀಕ್ಷೆ. ಅಂಕಗಳೆಂಬ ಪರ್ವತವನ್ನು ಏರಬೇಕಾದವರಿಗೆ ಮೀಸೆ ಅಂಟಿಸಿಕೊಳ್ಳಲು ಪುರಸೊತ್ತೆಲ್ಲಿ ಎಂಬುದು ಹಿರಿಯರ ವಾದ. ಹಿರಿಯರ ಆತಂಕವನ್ನು ನಾನು ಗೌರವಿಸುತ್ತೇನೆ. ಅಪ್ಪ ಫೋನಿನಲ್ಲಿ ಹುಬ್ಬಳ್ಳಿಗೆ ಹೋಗುವುದು ಏತಕ್ಕೆಂದು ನನಗೆ ಗೊತ್ತು. ನಮ್ಮ ಪುಸ್ತಕ, ಬಟ್ಟೆ, ಬಸ್ಸಿನ ಹಣಗಳೂ ಆ ಸಾಲದೊಳಗೇ ಇವೆ. ನಾಟಕದಿಂದ ಅಂಕ ಹೆಚ್ಚುತ್ತದೆಂದು ನಾನು ಸಾಧಿಸಲು ಹೊರಟಿಲ್ಲ. ನಾಟಕ ಇರುವುದು ಅಂಕಕ್ಕಾಗಿ ಅಲ್ಲ. ಆದರೆ ಲೆಕ್ಕವನ್ನು ಲೆಕ್ಕದಂತೆಯೇ ನೋಡೋಣ. ದಿನಕ್ಕೆ ಒಂದು ಗಂಟೆಯಂತೆ ಒಂದು ತಿಂಗಳ ತಾಲೀಮು ಎಂದರೆ 30 ಗಂಟೆ. ವರ್ಷದಲ್ಲಿರುವುದು 8,760 ಗಂಟೆ. ಈ 30 ಗಂಟೆಗಳಿಂದ ಕೆಡುವ ವಿದ್ಯೆ ಉಳಿದ ಗಂಟೆಗಳಲ್ಲಿ ಗಟ್ಟಿಯಾಗಿ ನಿಂತಿರಲು ಸಾಧ್ಯವೇ?

ಕೈಲಾಸಂ ಅವರು 1918ರಲ್ಲಿಯೇ ‘ಟೊಳ್ಳುಗಟ್ಟಿ’ ಎಂಬ ನಾಟಕದಲ್ಲಿ ಪುಸ್ತಕದ ಹುಳುವಾದ ಮಗನನ್ನೂ ಮನೆಮಂದಿಗೆ ಆಸರೆಯಾಗುವ ಮಗನನ್ನೂ ಅಕ್ಕಪಕ್ಕದಲ್ಲಿ ನಿಲ್ಲಿಸಿ, ಯಾರು ಟೊಳ್ಳು, ಯಾರು ಗಟ್ಟಿ ಎಂದು ಕೇಳಿದರು. ಒಂದು ಶತಮಾನ ಕಳೆದರೂ ಆ ಪ್ರಶ್ನೆಗೆ ನಾವು ಅಂಕಪಟ್ಟಿಯನ್ನೇ ಉತ್ತರವಾಗಿ ತೋರಿಸುತ್ತಿದ್ದೇವೆ. ಎಸ್.ಎಸ್.ಎಲ್.ಸಿ. ಪರೀಕ್ಷೆಯನ್ನು ಒಂದೇ ವರ್ಷದಲ್ಲಿ ಮೂರು ಸಲ ಬರೆಯುವ ಅವಕಾಶ 2024ರಲ್ಲಿ ಬಂದಿತು. ಪರೀಕ್ಷೆಗೆ ಒಂದಕ್ಕಿಂತ ಹೆಚ್ಚು ಪ್ರವೇಶಗಳುಂಟು. ಹದಿನೈದನೆಯ ವಯಸ್ಸಿಗೆ ಮಾತ್ರ ಒಂದೇ ಪ್ರವೇಶ.

‘ಮುಂದಿನ ವರ್ಷ ಮಾಡಿದರಾಯಿತು’ ಎನ್ನುವವರಿಗೆ ಒಂದು ಮಾತು. ಹುಡುಗರಿಗೆ ಮುಂದಿನ ವರ್ಷವೆಂಬುದು ಇರಬಹುದು. ಅವರು ಜಾತ್ರೆಯ ನಾಟಕದಲ್ಲಿ, ಊರ ತರುಣ ಸಂಘದಲ್ಲಿ ಬಣ್ಣ ಹಚ್ಚಬಹುದು. ಹಳ್ಳಿಯ ಹುಡುಗಿಯರಿಗೆ ಶಾಲೆಯ ರಂಗವೇ ಮೊದಲನೆಯದು, ಹಲವರಿಗೆ ಅದೇ ಕಡೆಯದು. ಬಾದಾಮಿಯ ಬನಶಂಕರಿ ಜಾತ್ರೆಯಲ್ಲಿ ಕಂಪನಿ ನಾಟಕಗಳನ್ನು ಬೆಳಗಿನವರೆಗೆ ನೋಡಿದ ನಮ್ಮ ಅಜ್ಜಿಗೆ ಇಂದಿಗೂ ಪುಟಗಟ್ಟಲೆ ಮಾತುಗಳು ಬಾಯಿಪಾಠ ಬರುತ್ತವೆ. ಒಮ್ಮೆಯಾದರೂ ರಂಗವೇರುವ ಆಸೆ ಇತ್ತೆ ಎಂದು ಕೇಳಿದಾಗ ಅವರು ಜೋಳವನ್ನು ಹಸನು ಮಾಡುವ ಮೊರದಿಂದ ಕಣ್ಣೆತ್ತದೆ, “ನಮ್ಮನ್ನ ಯಾರು ಕೇಳ್ತಿದ್ರವ್ವಾ” ಎಂದರು. ಆ ಮಾತಿನಲ್ಲಿ ಮಾತ್ರ ನಟನೆ ಇರಲಿಲ್ಲ.

ಮಠಗಳ ಆಶ್ರಯದಲ್ಲಿರುವ ಶಾಲೆಗಳಿಗಂತೂ ನಾಟಕ ಹೊರಗಿನದಲ್ಲ. ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಪಂಚಾಕ್ಷರ ಗವಾಯಿಗಳು ಅಂಧ ಬಾಲಕರಿಗೆ ಸಂಗೀತ ಕಲಿಸಿ, ಆಶ್ರಮದ ನಾಟಕ ಮಂಡಳಿಯನ್ನೂ ಕಟ್ಟಿದರು. ಪುಟ್ಟರಾಜ ಗವಾಯಿಗಳು ಅದನ್ನು ಮುನ್ನಡೆಸಿದರು. ಹೊಸದುರ್ಗ ತಾಲ್ಲೂಕಿನ ಸಾಣೇಹಳ್ಳಿಯ ಮಠದಿಂದ 1997ರಲ್ಲಿ ಹೊರಟ ‘ಶಿವಸಂಚಾರ’ ತಂಡವು ವರ್ಷಕ್ಕೆ ಮೂರು ನಾಟಕಗಳನ್ನು ಕಟ್ಟಿಕೊಂಡು ನಾಡಿನ ಊರೂರುಗಳಲ್ಲಿ ಆಡಿತು. ದಾಸೋಹ, ವಿದ್ಯೆಗಳ ಜೊತೆಯಲ್ಲಿ ಬಣ್ಣದ ಪೆಟ್ಟಿಗೆಯನ್ನೂ ಹೊತ್ತ ಪರಂಪರೆ ಇದು.

ಆದಕಾರಣ ನನ್ನ ಸಲಹೆ ಇಷ್ಟೇ. ಹತ್ತನೆಯ ತರಗತಿಯವರ ನಾಟಕವನ್ನು ವರ್ಷದ ಕೊನೆಯ ಸ್ನೇಹಸಮ್ಮೇಳನಕ್ಕೆ ಇರಿಸದೆ, ನವೆಂಬರದ ರಾಜ್ಯೋತ್ಸವಕ್ಕೆ ಆಡಿಸಬೇಕು. ಮಾರ್ಚಿನ ಪರೀಕ್ಷೆಗೆ ಆಗ ನಾಲ್ಕು ತಿಂಗಳು ಉಳಿಯುತ್ತದೆ; ಗೌಡನ ಮೀಸೆಯ ಅಂಟನ್ನು ತೊಳೆದುಕೊಳ್ಳಲು ಅಷ್ಟು ಕಾಲ ಧಾರಾಳ. ಮಾತು ಬಾರದ ಹುಡುಗಿಗೂ ‘ಅಪ್ಪಣೆ, ಮಹಾಪ್ರಭು’ ಎನ್ನುವಷ್ಟು ಪಾತ್ರ ಸಿಗಬೇಕು. ಪಾಲಕರು ಅಂದು ಸಂಜೆ ದನಕರು, ಅಂಗಡಿ, ಸಾಲದವರ ಫೋನುಗಳನ್ನೆಲ್ಲ ಬದಿಗಿರಿಸಿ ಬಂದು ಕೂರಬೇಕು. ಗುರುಹಿರಿಯರು ಈ ಕಿರಿಯಳ ಬಿನ್ನಹವನ್ನು ಮನಸ್ಸಿಗೆ ತಂದುಕೊಳ್ಳಬೇಕೆಂದೂ, ಬರುವ ರಾಜ್ಯೋತ್ಸವಕ್ಕೆ ಮೊದಲ ಸಾಲಿನಲ್ಲಿ ಅಜ್ಜಿಯಂದಿರಿಗಾಗಿ ಒಂದಷ್ಟು ಕುರ್ಚಿಗಳನ್ನು ಕಾದಿರಿಸಬೇಕೆಂದೂ ವಿನಯಪೂರ್ವಕವಾಗಿ ಪ್ರಾರ್ಥಿಸುತ್ತೇನೆ.