ಬಿಲ್ಲು ಹಿಡಿದವರೆಲ್ಲ ಪಾರ್ಥರಲ್ಲ

ಕಳೆದ ತಿಂಗಳ ಕೂಟದಲ್ಲಿ ಮಿತ್ರರೊಬ್ಬರು ಅಮೆರಿಕೆಯ ಕೊಲೊರಾಡೊದಲ್ಲಿ ನೆಲಸಿರುವ ತಮ್ಮ ಸೋದರಳಿಯನ ಪತ್ರವನ್ನು ಓದಿದರು. ಬರುವ ಸೆಪ್ಟೆಂಬರಿನಲ್ಲಿ ಆತನು ರಾಕಿ ಪರ್ವತಗಳಿಗೆ ಕೂಲಿಯ ಮಾರ್ಗದರ್ಶಿಯಿಲ್ಲದೆ, ಒಬ್ಬನೇ, ಬಿಲ್ಲುಬಾಣ ಹಿಡಿದು ಎಲ್ಕ್ ಎಂಬ ಹಿರಿಯ ಜಿಂಕೆಯ ಬೇಟೆಗೆ ಹೊರಡುವನಂತೆ. ಬಿಲ್ಲಿನ ಬೆಲೆ, ಎಲೆಬಣ್ಣದ ಉಡುಪು, ಮೃಗದ ಕೂಗನ್ನು ಅನುಕರಿಸುವ ಊದುಗೊಳವೆ ಎಲ್ಲದರ ಪಟ್ಟಿಯೂ ಪತ್ರದಲ್ಲಿತ್ತು. “ಬಂದೂಕು ಹೇಡಿಯ ಆಯುಧ, ಬಿಲ್ಲು ಧರ್ಮದ ಆಯುಧ, ಹುಡುಗ ಪಾರ್ಥನ ಪರಂಪರೆಯವನು” ಎಂದು ಹಿರಿಯರೊಬ್ಬರು ಅಪ್ಪಣೆ ಕೊಡಿಸಿದರು. ಸಭೆ ಚಪ್ಪಾಳೆ ತಟ್ಟಿತು. ಅಂದು ನಾವು ಸುಮ್ಮನಿದ್ದುದು ತಪ್ಪೆಂದು ತೋರಿ ಈಗ ಬರೆಯುತ್ತಿದ್ದೇವೆ.

ಬೇಟೆಯೇ ಕೂಡದೆಂದು ನಮ್ಮ ವಾದವಲ್ಲ. ನಮ್ಮಲ್ಲಿ 1972ರ ಕಾನೂನು ಅದನ್ನು ಮುಚ್ಚಿತು. ಅಲ್ಲಿನ ಸರ್ಕಾರವು ಪರವಾನಗಿ ಕೊಟ್ಟು ನಡೆಸುತ್ತದೆ. ಅದು ಅವರ ನೆಲ, ಅವರ ಶಾಸನ. ಎಲ್ಕ್ ಎಂದರೆ ನಮ್ಮ ತಾಳವಾಡಿಯ ಕಾಡಿನ ಕಡವೆಯೇ ಎಂದು ಕೂಟದಲ್ಲಿ ಕೆಲವರು ತಿಳಿದಂತಿತ್ತು. ನೀಲಗಿರಿಯ ಬಿಳಿಯ ದೊರೆಗಳು ಕಡವೆಯನ್ನು ಎಲ್ಕ್ ಎಂದು ಕರೆದುದರ ಫಲವಿದು. ಅಮೆರಿಕೆಯದು ಬೇರೆಯೇ ಜಾತಿ. ಗಂಡು ಮುನ್ನೂರು ಕಿಲೋ ತೂಗುತ್ತದೆ.

ಧರ್ಮದ ಆಯುಧವೆಂಬ ಮಾತಿಗೆ ಬರೋಣ. ಗುಂಡು ಪೆಟ್ಟಿನಿಂದಲೂ ಕೊಲ್ಲುತ್ತದೆ. ಬಾಣಕ್ಕೆ ಆ ಪೆಟ್ಟಿನ ಬಲವಿಲ್ಲ. ಅದರ ಹರಿತವಾದ ಅಲಗು ಶ್ವಾಸಕೋಶವನ್ನೋ ಹೃದಯವನ್ನೋ ಸೀಳಿ ರಕ್ತ ಹರಿಸಬೇಕು. ತುಸು ತಪ್ಪಿದರೆ ಮೃಗವು ಗಾಯವನ್ನು ಹೊತ್ತು ಮಲೆ ದಾಟುತ್ತದೆ. ಕೊಲೊರಾಡೊದ ನಿಯಮವು ಬಿಲ್ಲಿನ ಎಳೆತ 35 ಪೌಂಡಿಗೆ ಕಡಮೆಯಿರಬಾರದೆನ್ನುತ್ತದೆ, ಅಲಗಿನ ಅಗಲಕ್ಕೂ ಮಿತಿ ಹೇಳುತ್ತದೆ. ಆದರೆ ಎಷ್ಟು ದೂರದಿಂದ ಬಿಡಬೇಕೆಂಬುದನ್ನು ಬೇಟೆಗಾರನ ಮನಸ್ಸಿಗೇ ಬಿಟ್ಟಿದೆ. ಧರ್ಮಾಧರ್ಮಗಳೆಲ್ಲ ಅಡಗಿರುವುದು ಅಲ್ಲಿಯೇ.

ಮಕ್ಕಳಿಗೆ ಲೆಕ್ಕ ಹೇಳುವುದೇ ವೃತ್ತಿಯಾದುದರಿಂದ ಒಂದು ಲೆಕ್ಕ ಮಾಡಿದೆವು. ಇಂದಿನ ರಾಟೆಬಿಲ್ಲಿನ ಬಾಣ ಸೆಕೆಂಡಿಗೆ ಸುಮಾರು 280 ಅಡಿ ಹೋಗುತ್ತದೆ ಎನ್ನಿ. ಮೂವತ್ತು ಗಜ ದಾಟಲು ಅದಕ್ಕೆ ಸೆಕೆಂಡಿನ ಮೂರನೆಯ ಒಂದು ಭಾಗ ಸಾಕು. ಅರುವತ್ತು ಗಜಕ್ಕೆ ಮೂರನೆಯ ಎರಡು ಭಾಗ ಬೇಕು. ಹೆದೆಯ ಸದ್ದಾದರೋ ಸೆಕೆಂಡಿಗೆ 1100 ಅಡಿ ಓಡಿ, ಬಾಣಕ್ಕಿಂತ ಮೊದಲೇ ಮೃಗದ ಕಿವಿಯನ್ನು ಮುಟ್ಟಿರುತ್ತದೆ. ಬೆಚ್ಚಿದ ಮೃಗ ಒಂದು ಹೆಜ್ಜೆಯಿಟ್ಟರೆ ಸಾಕು, ಎದೆಗೆ ಬಿಟ್ಟ ಬಾಣ ಹೊಟ್ಟೆಯಲ್ಲಿ ನಾಟುತ್ತದೆ. ಅರುವತ್ತು ಗಜದ ಗುರಿಯನ್ನು ಮೈದಾನದ ಹಲಗೆಗೆ ಹೊಡೆದು ಹಿಗ್ಗುವವರು ಹಲಗೆ ನಡೆಯುವುದಿಲ್ಲವೆಂಬುದನ್ನು ಮರೆಯುತ್ತಾರೆ.

ಇನ್ನು ಪರಂಪರೆ. ಪಂಪನ ಭಾರತದ ಬೇಟೆಯ ವರ್ಣನೆಗೆ ತಲೆದೂಗುವ ನಾವು ಪಾಂಡುವಿನ ಕಥೆಯನ್ನೇಕೆ ಮರೆತೆವು? ಕೂಡಿದ್ದ ಮೃಗಗಳ ಮೇಲೆ ಬಾಣ ಬಿಟ್ಟು ಕಿಂದಮ ಋಷಿಯ ಶಾಪಕ್ಕೆ ಗುರಿಯಾದವನು ಆತನು. ಕೊಲೊರಾಡೊದ ಬಿಲ್ಲುಬೇಟೆಯ ಕಾಲವಾದ ಸೆಪ್ಟೆಂಬರ್ ಎಲ್ಕ್‌ಗಳಿಗೆ ಬೆದೆಯ ಕಾಲ. ಗಂಡು ಸಿಳ್ಳೆಯಂತೆ ಕೂಗುತ್ತದೆ. ಬೇಟೆಗಾರನು ಹೆಣ್ಣಿನ ದನಿ ಮಾಡಿ ಅದನ್ನು ಕರೆಯುತ್ತಾನೆ. ಕರೆದು ಕೊಲ್ಲುವುದರಲ್ಲಿ ಯಾವ ಶೌರ್ಯವೆಂದು ಕೇಳಬಹುದು, ಅದನ್ನೂ ಬಿಡೋಣ. ಕರೆಗೆ ಓಗೊಟ್ಟ ಮೃಗವು ಹೆಚ್ಚಾಗಿ ನೇರ ಎದುರಿಗೇ ಬರುತ್ತದೆ. ಆಗ ಎದೆಯ ಮೂಳೆ, ಭುಜದ ಮೂಳೆಗಳು ಬಾಣವನ್ನು ತಡೆಯುತ್ತವೆ. ಅದು ಪಕ್ಕಕ್ಕೆ ತಿರುಗುವವರೆಗೆ ಕಾಯಬೇಕು, ತಿರುಗದಿದ್ದರೆ ಹೋಗಗೊಡಬೇಕು. ದಶರಥನ ಕಥೆಯಂತೂ ಇನ್ನೂ ಹತ್ತಿರದ್ದು. ಬಿಲ್ಲುಬೇಟೆಯವರಿಗೆ ಅಲ್ಲಿ, ಬಂದೂಕಿನವರಂತೆ, ಕಿತ್ತಳೆ ಬಣ್ಣದ ಉಡುಪು ಕಡ್ಡಾಯವಲ್ಲ. ಪೊದೆಯಾಚೆ ಎಲ್ಕ್‌ನಂತೆ ಕೂಗುತ್ತಿರುವುದು ಎಲೆಬಣ್ಣ ತೊಟ್ಟ ಇನ್ನೊಬ್ಬ ಬೇಟೆಗಾರನೂ ಆಗಿರಬಹುದು. ಶಬ್ದವೇಧಿ ವಿದ್ಯೆಗೆ ಅಲ್ಲಿ ಎಡೆಯಿಲ್ಲ.

ಗಾಳಿಯ ವಿಷಯ ಪತ್ರದಲ್ಲಿ ಒಂದು ಸಾಲೂ ಇರಲಿಲ್ಲ. ಎಲೆಬಣ್ಣದ ಉಡುಪು ಕಣ್ಣನ್ನು ವಂಚಿಸೀತು, ಮೂಗನ್ನು ವಂಚಿಸಲಾರದು. ಮುಂಜಾವಿನ ತಂಪಿನಲ್ಲಿ ಬೆಟ್ಟದ ಗಾಳಿ ಕಣಿವೆಗಿಳಿಯುತ್ತದೆ, ಬಿಸಿಲೇರಿದಂತೆ ಮೇಲಕ್ಕೇರುತ್ತದೆ, ಸಂಜೆ ಮತ್ತೆ ಇಳಿಯುತ್ತದೆ. ಇದನ್ನರಿಯದವನಿಗೆ ಊದುಗೊಳವೆಯಿಂದ ಪ್ರಯೋಜನವೇನು?

ನಮ್ಮ ಮುಖ್ಯ ಜಗಳ ಒಬ್ಬಂಟಿತನವನ್ನು ಸ್ವಾವಲಂಬನವೆಂದು ಹೊಗಳುವವರೊಡನೆ. ಬಾಣ ತಾಗಿದ ಮೇಲೆ ಕೆಲಸ ಆರಂಭವಾಗುತ್ತದೆ. ಶ್ವಾಸಕೋಶಕ್ಕೆ ತಾಗಿದ್ದರೆ ಅರ್ಧ ಗಂಟೆ ಕುಳಿತಿರಬೇಕು. ಹೊಟ್ಟೆಗೆ ತಾಗಿದ್ದರೆ ಆರು ಗಂಟೆಗೂ ಮಿಗಿಲು. ಆತುರದಿಂದ ಬೆನ್ನಟ್ಟಿದರೆ ಮಲಗಬೇಕಾದ ಮೃಗ ಎದ್ದು ಓಡುತ್ತದೆ. ಬಿದ್ದ ಬಳಿಕ ತಡಮಾಡದೆ ಚರ್ಮ ಸುಲಿದು, ತೊಡೆಗಳನ್ನು ಬೇರ್ಪಡಿಸಿ, ಬಟ್ಟೆಯ ಚೀಲದಲ್ಲಿ ನೆರಳಿಗೆ ತೂಗುಹಾಕಬೇಕು. ಸೆಪ್ಟೆಂಬರಿನ ಹಗಲು ಬೆಚ್ಚಗಿರುತ್ತದೆ. ದಪ್ಪ ಚರ್ಮದೊಳಗೆ ಮಾಂಸವು ಮೂಳೆಯ ಬಳಿಯಿಂದಲೇ ಕೆಡತೊಡಗುತ್ತದೆ. ತಿನ್ನುವ ಮಾಂಸವನ್ನು ಕಾಡಿನಲ್ಲಿ ಕೆಡಗೊಡುವುದು ಅಲ್ಲಿ ಅಪರಾಧವೂ ಹೌದು.

ಮೂಳೆ ತೆಗೆದರೂ ತೊಂಬತ್ತು ಕಿಲೋ ಮಾಂಸವಾಗುತ್ತದೆ. ಹೊರೆಗೆ ಮೂವತ್ತು ಕಿಲೋ ಎಂದರೆ ಮೂರು ಹೊರೆ. ಬಂಡಿ ನಿಂತ ಸ್ಥಳ ಎಂಟು ಕಿಲೋಮೀಟರ್ ದೂರವಿದ್ದರೆ ಮೂರು ಸಲ ಹೊತ್ತು, ಎರಡು ಸಲ ಬರಿಗೈಯಲ್ಲಿ ಮರಳಿ, ನಲವತ್ತು ಕಿಲೋಮೀಟರ್ ನಡೆಯಬೇಕು. ಕೊಂಬು ಬೇಕೆಂದರೆ ಇನ್ನೂ ಹದಿನಾರು. ಇದೆಲ್ಲ ಮೂರು ಸಾವಿರ ಮೀಟರ್ ಎತ್ತರದ ತೆಳುಗಾಳಿಯಲ್ಲಿ, ಮೇಜಿನ ಮುಂದೆ ಕುಳಿತು ದುಡಿಯುವ ಒಬ್ಬ ತರುಣನಿಂದ! ಹೊರಲಾರದಷ್ಟು ದೂರದಲ್ಲಿ ಬಾಣ ಬಿಡುವವನನ್ನು ವೀರನೆಂದು ಕರೆಯಲು ನಮ್ಮ ನಾಲಗೆ ಏಳದು.

ಚಪ್ಪಾಳೆ ತಟ್ಟಿದ ಮಹನೀಯರು ಮುನಿಯಬಾರದು. ಪತ್ರ ಓದಿದ ಮಿತ್ರರನ್ನು ಮರುದಿನವೇ ಕಂಡು, ಉತ್ತರದಲ್ಲಿ ಬಿಲ್ಲಿನ ಬೆಲೆಯ ಮಾತು ಬಿಟ್ಟು ಮೂರು ಪ್ರಶ್ನೆ ಬರೆಯಿರೆಂದು ಕೇಳಿಕೊಂಡೆವು: ಎಷ್ಟು ಗಜಕ್ಕೆ ಮೇಲೆ ಬಾಣ ಬಿಡುವುದಿಲ್ಲ? ಎಷ್ಟು ದೂರಕ್ಕೆ ಮೇಲೆ ಹೋಗುವುದಿಲ್ಲ? ಹೊರಲು ಬರುವ ಗೆಳೆಯನಾರು? ಪತ್ರವನ್ನು ಹಾಕಿದ್ದಾರಂತೆ. ಉತ್ತರ ಬಂದರೆ ಮುಂದಿನ ಕೂಟದಲ್ಲಿ ಅದನ್ನೂ ಓದಲಿ.