ತುಕ್ಕಿನ ಮೇಲೆ ಜಿಂಕ್ ನಿಲ್ಲಲ್ಲ

ಮಾಕಳಿಯ ನಮ್ಮ ತೋಟದಲ್ಲಿ ಶೇಡ್ ನೆಟ್ ಮನೆ ಕಟ್ಟಿಸುವಾಗ ಜಿ.ಐ. ಪೈಪು ಹೊಸದಾಗಿಯೇ ತಂದಿದ್ದೆ. ನಾಲ್ಕು ಮೂಲೆ ಕಂಬಗಳಿಗೆ ಮಾತ್ರ, ದುಡ್ಡು ಉಳಿಸೋಣ ಅಂತ, ಒಂದು ಮಳೆಗಾಲ ಹೊರಗೆ ಬಿದ್ದಿದ್ದ ಹಳೇ ಕಬ್ಬಿಣ ಹಾಕಿಸಿದೆ. ಮೈಯೆಲ್ಲ ಕೆಂಪು ತುಕ್ಕು. 'ಮೇಲೆ ಜಿಂಕ್ ಪೇಂಟ್ ಹೊಡೆದ್ರೆ ಮುಗೀತು ಸರ್' ಅಂದ್ರು ವೆಲ್ಡಿಂಗ್‌ನವರು. ನಾನೂ ತಲೆಯಾಡಿಸಿದೆ. ಎರಡನೇ ಮಳೆಗಾಲಕ್ಕೆ ಪೇಂಟು ಈರುಳ್ಳಿ ಸಿಪ್ಪೆ ಥರ ಎದ್ದು ಬಂತು. ಗಾಳಿಗೆ ಒಂದು ಕಂಬ ವಾಲಿ ನೆಟ್ಟೂ ಹರೀತು.

ತಪ್ಪು ಪೇಂಟಿನದಲ್ಲ, ನಮ್ಮ ಅವಸರದ್ದು. ತೋಟಗಾರಿಕೆ ಓದಿದ ನನಗೆ ಇದು ಮೊದಲೇ ಹೊಳೀಬೇಕಿತ್ತು. ಮಾವಿಗೆ ಕಸಿ ಕಟ್ಟುವಾಗ ತೊಗಟೆಯೊಳಗಿನ ಹಸಿ ಪದರ ಒಂದಕ್ಕೊಂದು ತಾಗಬೇಕು. ನಡುವೆ ಮಣ್ಣು ಕೂತರೆ ಕಸಿ ಹಿಡಿಯಲ್ಲ. ಜಿಂಕ್, ಅಂದರೆ ಸತು, ಇದರದ್ದೂ ಅದೇ ಕಥೆ. ಅದು ಬರೀ ಹೊದಿಕೆ ಅಲ್ಲ. ತಾನು ಮೊದಲು ಸವೆದು ಕಬ್ಬಿಣವನ್ನು ಉಳಿಸುತ್ತೆ. ಹಾಗಾಗಬೇಕಾದರೆ ಎರಡೂ ಲೋಹ ನೇರವಾಗಿ ತಾಗಿರಬೇಕು. ನಡುವೆ ತುಕ್ಕಿದ್ದರೆ ಸತು ಇದ್ದೂ ಇಲ್ಲದ ಹಾಗೆ.

ಗ್ಯಾಲ್ವನೈಸಿಂಗ್ ಕಾರ್ಖಾನೆಯಲ್ಲಿ ಏನು ಮಾಡ್ತಾರೆ ನೋಡಿ. ಮೊದಲು ಜಿಡ್ಡು ತೆಗೀತಾರೆ. ಆಮೇಲೆ ಆಸಿಡ್‌ನಲ್ಲಿ ಅದ್ದಿ ತುಕ್ಕು ಕಳೀತಾರೆ. ಫ್ಲಕ್ಸ್ ಹಚ್ಚಿದ ಮೇಲಷ್ಟೇ ಸುಮಾರು 450 ಡಿಗ್ರಿ ಸೆಲ್ಸಿಯಸ್ ಬಿಸಿಯ ಕರಗಿದ ಸತುವಿನಲ್ಲಿ ಮುಳುಗಿಸೋದು. ಆಗ ಸತು ಕಬ್ಬಿಣದ ಜೊತೆ ಬೆರೆತು ಗಟ್ಟಿ ಪದರವಾಗುತ್ತೆ. ತುಕ್ಕು ಉಳಿದ ಜಾಗದಲ್ಲಿ ಸತು ಹಿಡಿಯದೆ ಬೋಳು ಮಚ್ಚೆ ಕಾಣುತ್ತೆ. ತುಕ್ಕು ಆಳಕ್ಕೆ ತಿಂದು ಗುಳಿ ಬಿದ್ದಿದ್ದರೆ ಆಸಿಡ್ ತೊಳೆದರೂ ಮೈ ಒರಟಾಗೇ ಇರುತ್ತೆ.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ: ಮೇಲ್ಮೈ ತುಕ್ಕು ಕಂಡ ತಕ್ಷಣ ಕಬ್ಬಿಣ ಗುಜರಿಗೆ ಹಾಕಬೇಡಿ. ಆದರೆ ತುಕ್ಕು ತೆಗೆಯದೆ ಮುಚ್ಚಲೂ ಬೇಡಿ. ವಯರ್ ಬ್ರಷ್ ಅಥವಾ ಗ್ರೈಂಡರ್‌ನಿಂದ ಕಬ್ಬಿಣ ಹೊಳೆಯೋವರೆಗೆ ಉಜ್ಜಿಸಿ, ಧೂಳು, ಎಣ್ಣೆ ಒರೆಸಿ, ಅವತ್ತೇ ಜಿಂಕ್ ಹೆಚ್ಚಿರುವ ಪೇಂಟ್ ಹೊಡೆಸಿ. ರಾತ್ರಿ ಇಬ್ಬನಿ ಬಿದ್ದರೆ ಮತ್ತೆ ತುಕ್ಕು ಶುರು. ಜಿ.ಐ. ಪೈಪಿನ ವೆಲ್ಡಿಂಗ್ ಜಾಗಕ್ಕೂ ಇದೇ ಆರೈಕೆ ಬೇಕು, ಯಾಕಂದ್ರೆ ಅಲ್ಲಿ ಸತು ಸುಟ್ಟುಹೋಗಿರುತ್ತೆ. ಅಲ್ಲಿಗೆ ಸಿಲ್ವರ್ ಪೇಂಟ್ ಬಳಿದರೆ ಸಾಲದು, ಬಣ್ಣ ಒಂದೇ ಥರ ಕಂಡರೂ ಅದು ಅಲ್ಯೂಮಿನಿಯಂ ಪುಡಿಯ ಪೇಂಟು, ಸತು ಅಲ್ಲ.

ಜೀವಾಮೃತದ ಡ್ರಮ್ ಕಂಬದ ಬುಡದಲ್ಲಿ ಇಡೋ ನಮ್ಮಂಥ ಸಾವಯವದವರು ಇನ್ನೂ ಹುಷಾರಾಗಿರಬೇಕು. ಗಂಜಲ ಬಿದ್ದು ಸದಾ ಹಸಿಯಾಗಿರೋ ಬುಡವೇ ಮೊದಲು ಹೋಗೋದು.

ಚೌಕಾಸಿ ಮಾಡುವಾಗ ನಾವು ಮೊದಲು ಕಡಿತ ಮಾಡೋದು ಉಜ್ಜುವ ಕೂಲಿಯನ್ನೇ. ಅದನ್ನು ಬೇರೆಯಾಗಿ ಮಾತಾಡಿ, ಪೂರ್ತಿ ಕೊಡಿ. ಜೊತೆಗೆ ಒಂದು ಷರತ್ತು ಹಾಕಿ: 'ಪೇಂಟ್ ಹೊಡೆಯೋ ಮುಂಚೆ ಒಂದು ಫೋಟೋ ವಾಟ್ಸಾಪ್ ಮಾಡಿ.' ಫೋಟೋದಲ್ಲಿ ಕೆಂಪು ಕಂಡರೆ ಕೆಲಸ ಅಲ್ಲೇ ನಿಲ್ಲಿಸಿ.