ಬರಿದಾದ ಕುರ್ಚಿಗೆ ಬೀಸುವ ಗಾಳಿ

ಕಾರವಾರದಲ್ಲಾಗಲಿ ಅಂಕೋಲೆಯಲ್ಲಾಗಲಿ ಸಂಜೆ ಆರರ ಬಳಿಕ ಕಚೇರಿಗಳ ಮುಂದೆ ಹಾದುಹೋಗುವವರಿಗೆ, ಬೀಗ ಬಿದ್ದ ಬಾಗಿಲ ಹಿಂದೆ ಉರಿಯುವ ದೀಪವೂ ಬರಿದಾದ ಕುರ್ಚಿಯ ಮೇಲೆ ತಿರುಗುವ ಫ್ಯಾನೂ ಅಪರೂಪದ ನೋಟವಲ್ಲ. ಕೇಳಿದರೆ ಸಿಗುವ ಸಮಾಧಾನ ಒಂದೇ: ‘ಬಿಲ್ಲು ಕಚೇರಿಯದು.’ ಮನೆಯಲ್ಲಿ ಒಂದು ದೀಪ ಹೆಚ್ಚು ಉರಿದರೆ ಮಕ್ಕಳನ್ನು ಗದರಿಸುವ ಗೃಹಸ್ಥನೇ ಕಚೇರಿಯಲ್ಲಿ ಗುಂಡಿಯತ್ತ ಕೈ ಚಾಚಲಾರ. ಅವನ ಮಿತವ್ಯಯವು ಹಣದ ಮೇಲಿನ ಮಮತೆಯಾಗಿತ್ತೇ ಹೊರತು ಸಂಯಮವಾಗಿರಲಿಲ್ಲವೆಂಬುದು ಅಲ್ಲಿ ಬಯಲಾಗುತ್ತದೆ.

ವಿದ್ಯುತ್ತಿನ ಉಳಿತಾಯ ಯಂತ್ರಗಳಿಗೆ ಸೇರಿದ ವಿಷಯ, ಹೆಚ್ಚು ನಕ್ಷತ್ರಗಳ ಎ.ಸಿ.ಯನ್ನೂ ಎಲ್.ಇ.ಡಿ. ದೀಪಗಳನ್ನೂ ಕೊಂಡರೆ ಕರ್ತವ್ಯ ಮುಗಿಯಿತು ಎಂಬುದು ಇನ್ನೊಂದು ವಾದ. ಬೋಟ್ಸ್‌ವಾನಾ ಮತ್ತು ದಕ್ಷಿಣ ಆಫ್ರಿಕಾಗಳ ಆರು ವಾಣಿಜ್ಯ ಕಟ್ಟಡಗಳನ್ನು ಪರೀಕ್ಷಿಸಿ ಮಸೋಸೊ ಮತ್ತು ಗ್ರೋಬ್ಲರ್ ಎಂಬ ಸಂಶೋಧಕರು 2010ರಲ್ಲಿ ಪ್ರಕಟಿಸಿದ ಫಲಿತಾಂಶವನ್ನು ಈ ವಾದಿಗಳು ನೋಡಬೇಕು. ಕೆಲಸದ ವೇಳೆಯಲ್ಲಿ ವ್ಯಯವಾದುದು ಶೇ. 44, ಕೆಲಸವಿಲ್ಲದ ವೇಳೆಯಲ್ಲಿ ಶೇ. 56! ಹೊರಡುವಾಗ ದೀಪ, ಉಪಕರಣಗಳನ್ನು ಆರಿಸದೆ ಹೋಗುವ ನಡತೆಯೇ ಇದಕ್ಕೆ ಮುಖ್ಯ ಕಾರಣವೆಂದು ಕಂಡುಬಂದಿತು.

ಎ.ಸಿ.ಯ ವಿಷಯದಲ್ಲಂತೂ ಅಜ್ಞಾನವೂ ಕೂಡಿಕೊಂಡಿದೆ. ಹದಿನೆಂಟಕ್ಕೆ ಇಳಿಸಿದರೆ ಕೋಣೆ ಬೇಗ ತಣಿಯುವುದೆಂಬ ನಂಬಿಕೆ ವ್ಯಾಪಕವಾಗಿದೆ. ಆದರೆ ಆ ಅಂಕಿ ಯಂತ್ರವು ಎಲ್ಲಿ ನಿಲ್ಲಬೇಕೆಂಬುದನ್ನು ಸೂಚಿಸುತ್ತದೆ, ವೇಗವನ್ನಲ್ಲ. ಒಂದು ಡಿಗ್ರಿ ಏರಿಸಿದರೆ ಸುಮಾರು ಶೇ. 6ರಷ್ಟು ವಿದ್ಯುತ್ ಉಳಿಯುವುದೆಂದು ಕೇಂದ್ರದ ಇಂಧನ ದಕ್ಷತಾ ಬ್ಯೂರೋ ಹೇಳಿದೆ. 2020ರ ಜನವರಿಯಿಂದ ನಕ್ಷತ್ರ ಚಿಹ್ನೆಯ ಎ.ಸಿ.ಗಳು 24 ಡಿಗ್ರಿಗೆ ಹೊಂದಿಸಲ್ಪಟ್ಟೇ ಬರಬೇಕೆಂಬ ನಿಯಮವೂ ಇದೆ. ರಿಮೋಟಿನ ಮೇಲಿನ ಬೆರಳನ್ನು ಯಾವ ನಿಯಮ ತಡೆದೀತು? ಕರಾವಳಿಯಲ್ಲಿ ಬಾಗಿಲು ಅರೆ ತೆರೆದಿದ್ದರೆ ಸಮುದ್ರದ ತೇವದ ಗಾಳಿ ಒಳನುಗ್ಗಿ, ಯಂತ್ರದ ಶ್ರಮದ ದೊಡ್ಡ ಪಾಲು ಆ ತೇವವನ್ನು ನೀರಾಗಿಸುವುದರಲ್ಲೇ ಕಳೆಯುತ್ತದೆ.

ಈ ವಿದ್ಯುತ್ತಿನ ಬೆಲೆಯನ್ನು ಉತ್ತರ ಕನ್ನಡದವರಿಗೆ ವಿವರಿಸಬೇಕಾಗಿಲ್ಲ. ಕಾಳಿ ನದಿಗೆ ಸೂಪಾದಲ್ಲಿ ಅಣೆಕಟ್ಟು ಕಟ್ಟಿದಾಗ ತಾಲ್ಲೂಕು ಕೇಂದ್ರವಾಗಿದ್ದ ಊರೇ ಮುಳುಗಿ ಕೇಂದ್ರವು ಜೋಯಿಡಾಕ್ಕೆ ಹೋಯಿತು. ಕೊಡಸಳ್ಳಿ, ಕದ್ರಾ ಜಲಾಶಯಗಳಿಗಾಗಿ ಕುಟುಂಬಗಳು ನೆಲ ಬಿಟ್ಟವು. ಕದ್ರಾದ ನೀರನ್ನೇ ಆಶ್ರಯಿಸಿ ಕೈಗಾದಲ್ಲಿ ತಲಾ 220 ಮೆಗಾವಾಟಿನ ನಾಲ್ಕು ಅಣು ಘಟಕಗಳು ನಿಂತವು. ಹತ್ತು ಫ್ಯಾನುಗಳು, ತಲಾ 75 ವಾಟಿನವು, ಸಂಜೆ ಆರರಿಂದ ಬೆಳಿಗ್ಗೆ ಹತ್ತರವರೆಗೆ ತಿರುಗಿದರೆ 12 ಯೂನಿಟ್. ಅಷ್ಟನ್ನು ಮೂವತ್ತು ಮೀಟರ್ ಎತ್ತರದಿಂದ ಬೀಳುವ ನೀರಿನಿಂದ ಪಡೆಯಬೇಕಾದರೆ, ನಷ್ಟಗಳನ್ನು ಬದಿಗಿಟ್ಟರೂ, ಸುಮಾರು ಒಂದೂವರೆ ಲಕ್ಷ ಲೀಟರ್ ನೀರು ಬೇಕು. ಇಷ್ಟಾಗಿಯೂ ಫ್ಯಾನು ಕೋಣೆಯನ್ನು ತಣಿಸುವುದೇ ಇಲ್ಲ. ಅದು ತಣಿಸುವುದು ಬೆವರಿದ ಮೈಯನ್ನು. ಮೈ ಇಲ್ಲದೆಡೆ ಅದರ ಮೋಟಾರು ಕೋಣೆಯನ್ನು ತುಸು ಬಿಸಿಮಾಡುತ್ತದೆ, ಅಷ್ಟೆ.

ಭೂಮಿ, ನೀರು, ಬೆಂಕಿ, ಗಾಳಿಗಳನ್ನು ನಿಷ್ಪ್ರಯೋಜನವಾಗಿ ಕದಡುವುದನ್ನು ಸಮಂತಭದ್ರಾಚಾರ್ಯರ ‘ರತ್ನಕರಂಡಕ ಶ್ರಾವಕಾಚಾರ’ವು ಪ್ರಮಾದಚರ್ಯೆಯೆಂದು ಅನರ್ಥದಂಡಗಳಲ್ಲಿ ಎಣಿಸಿದೆ. ಬಿಲ್ಲು ಯಾರದೆಂಬ ಪ್ರಶ್ನೆ ಅಲ್ಲಿ ಏಳುವುದೇ ಇಲ್ಲ. ಸೆಕೆಯಲ್ಲಿ ದುಡಿಯುವ ಗುಮಾಸ್ತನ ತಲೆಯ ಮೇಲಿನ ಫ್ಯಾನನ್ನು ಯಾರೂ ಆಕ್ಷೇಪಿಸಲಾರರು, ಅದಕ್ಕೆ ಅರ್ಥವಿದೆ. ಅವನು ಊಟಕ್ಕೆದ್ದ ಮೇಲಿನ ಒಂದು ಗಂಟೆಗೆ ಯಾವ ಅರ್ಥ?

ಒಬ್ಬನ ಗುಂಡಿಯಿಂದ ಏನಾದೀತು ಎನ್ನುವವರು ಅಂಕೋಲೆಯ ಇತಿಹಾಸವನ್ನು ಓದಲಿ. 1930ರ ಏಪ್ರಿಲ್‌ನಲ್ಲಿ ಎಂ. ಪಿ. ನಾಡಕರ್ಣಿಯವರ ನೇತೃತ್ವದಲ್ಲಿ ಅಲ್ಲಿ ಉಪ್ಪು ತಯಾರಿಸಿದವರ ಕೈಯಲ್ಲಿದ್ದುದೂ ಹಿಡಿಯಷ್ಟೇ.

ದೋಷವೆಲ್ಲ ನೌಕರರದೇ ಎನ್ನುವುದೂ ನ್ಯಾಯವಲ್ಲ. ಒಂದೇ ಗುಂಡಿಗೆ ಇಡೀ ಸಭಾಭವನದ ದೀಪಗಳನ್ನು ಜೋಡಿಸಿ, ಮೂಲೆಯಲ್ಲಿ ಲೆಕ್ಕ ಬರೆಯುವವನೊಬ್ಬನಿಗಾಗಿ ಎಲ್ಲವೂ ಉರಿಯುವಂತೆ ಮಾಡಿದ ತಪ್ಪು ಕಟ್ಟಿಸಿದವರದು. ಆಫ್ರಿಕದ ಆ ಕಟ್ಟಡಗಳಲ್ಲೂ ಈ ದೋಷವಿತ್ತು. ಬಸದಿಗಳ ಟ್ರಸ್ಟುಗಳು ಕಚೇರಿ, ಸಭಾಭವನಗಳನ್ನು ಕಟ್ಟಿಸುವಾಗ ಅಮೃತಶಿಲೆಯ ಬಣ್ಣದ ಬಗೆಗೆ ನಡೆಸುವ ಚರ್ಚೆಯ ಹತ್ತರಲ್ಲೊಂದು ಪಾಲನ್ನಾದರೂ ಗುಂಡಿಗಳ ಹಂಚಿಕೆಗೆ ಮೀಸಲಿಡಲಿ. ಈಗಿರುವ ಕಟ್ಟಡಗಳಿಗೆ ಖರ್ಚಿಲ್ಲದ ಉಪಾಯವೊಂದಿದೆ: ಬೀಗ ಹಾಕುವಾಗ ಮೀಟರಿನ ಅಂಕಿಯನ್ನು ಬರೆದಿಟ್ಟು, ಬೆಳಿಗ್ಗೆ ಬಾಗಿಲು ತೆರೆದೊಡನೆ ಮತ್ತೆ ಬರೆಯುವುದು. ರಾತ್ರಿಯ ವ್ಯತ್ಯಾಸವನ್ನು ಪ್ರತಿದಿನವೂ ಸೂಚನಾ ಫಲಕದ ಮೇಲೆ, ಕಾರ್ಯದರ್ಶಿಯ ಸಹಿಯೊಡನೆ, ಪ್ರಕಟಿಸತಕ್ಕದ್ದು.